ಡ್ರಮ್ಸ್ ಕಟ್ಟಲು ಯಾವ ದಾರಿ ಹಿಡಿಯಬೇಕು? ಸ್ಟೆಪ್, ಪ್ಯಾಡ್, ಲೂಪ್, ಬ್ರೇಕ್, ಸಿಂಥ್

ಮಂದ್ರ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡುವವರಿಗೆ ಒಂದು ಪ್ರಶ್ನೆ. ಬೇಸ್‌ಲೈನ್, ಕಾರ್ಡ್ಸ್, ಮೆಲೊಡಿ ನನಗೆ ಬೇಗ ಒಲಿಯುತ್ತವೆ. ಡ್ರಮ್ಸ್ ಹತ್ತಿರ ಬಂದರೆ ನಿಂತುಬಿಡುತ್ತೇನೆ. ದಾರಿ ಒಂದೆರಡಲ್ಲ. ಸ್ಟೆಪ್ ಸೀಕ್ವೆನ್ಸರ್‌ನಲ್ಲಿ ಚೌಕ ತುಂಬಬಹುದು. ಪ್ಯಾಡ್ ಮೇಲೆ ಬೆರಳಲ್ಲಿ ನುಡಿಸಬಹುದು. ಸಿದ್ಧ ಲೂಪ್ ಎಳೆದು ಹಾಕಬಹುದು. ಹಳೆಯ ಬ್ರೇಕ್, ಅಂದರೆ ರೆಕಾರ್ಡ್‌ನಲ್ಲಿ ಡ್ರಮ್ಸ್ ಮಾತ್ರ ಇರುವ ತುಣುಕು ತಗೊಂಡು ಕತ್ತರಿಸಬಹುದು. ಇಲ್ಲಾ ಕಿಕ್ (ಕಾಲಲ್ಲಿ ಹೊಡೆಯುವ ದಪ್ಪ ಡ್ರಮ್), ಸ್ನೇರ್ (ತಳದಲ್ಲಿ ತಂತಿ ಇರುವ ಡ್ರಮ್) ಎಲ್ಲವನ್ನೂ ಸಿಂಥ್‌ನಲ್ಲಿ ನಾವೇ ಮಾಡಿಕೊಳ್ಳಬಹುದು.

ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವು ಯಾವುದನ್ನು ಆರಿಸಿಕೊಂಡಿರಿ, ಯಾಕೆ? "ಎಲ್ಲವೂ ಸರಿ, ಇಷ್ಟ ಬಂದದ್ದು ಮಾಡಿ" ಅನ್ನುವ ಉತ್ತರ ಬೇಡ. ಕಾರಣ ಬೇಕು.

ಹದಿನಾರನೇ_ಹೆಜ್ಜೆ

ಮಂದ್ರ ಅವರೇ, ನಿಮ್ಮ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. ಸದ್ದು ಎಲ್ಲಿಂದ ಬರಬೇಕು? ಅದು ಯಾವ ಕ್ಷಣಕ್ಕೆ ಬೀಳಬೇಕು? ಟ್ರ್ಯಾಕ್ ಮುಂದೆ ಹೋದಂತೆ ಹೇಗೆ ಬದಲಾಗಬೇಕು? ಸಿಂಥ್, ಒನ್-ಶಾಟ್ ಸ್ಯಾಂಪಲ್ (ಒಂದೇ ಹೊಡೆತದ ರೆಕಾರ್ಡಿಂಗ್) ಇವು ಮೊದಲನೆಯದಕ್ಕೆ ಉತ್ತರ. ಸ್ಟೆಪ್, ಪ್ಯಾಡ್ ಎರಡನೆಯದಕ್ಕೆ. ಲೂಪ್ ಮಾತ್ರ ಮೂರನ್ನೂ ಮೊದಲೇ ತೀರ್ಮಾನ ಮಾಡಿ ಕೈಗೆ ಕೊಡುತ್ತದೆ. ಅದಕ್ಕೇ ಅದರಿಂದ ಕೆಲಸ ಬೇಗ ಆಗುತ್ತದೆ. ಆಮೇಲೆ ಕೈ ಕಟ್ಟಿಹಾಕಿದ ಹಾಗೆ ಆಗುವುದೂ ಅದಕ್ಕೇ.

ನಾನು ಸ್ಟೆಪ್ ಕಡೆಯವನು. ರೋಲ್ಯಾಂಡ್ ಟಿಆರ್-808 ಡ್ರಮ್ ಮಷಿನ್ ಬಂದದ್ದು 1980ರಲ್ಲಿ. ಅದರ ಕೆಳಸಾಲಿನಲ್ಲಿ ಹದಿನಾರು ಬಟನ್. ಒಂದು ಬಾರ್‌ಗೆ, ಅಂದರೆ ನಾಲ್ಕು ಬೀಟ್‌ನ ಒಂದು ಸುತ್ತಿಗೆ, ಹದಿನಾರು ಹೆಜ್ಜೆ. ಇವತ್ತು ಸಾಫ್ಟ್‌ವೇರ್‌ಗಳಲ್ಲಿ ಕಾಣುವ ಚೌಕದ ಸಾಲು ಅದೇ ಬಗೆಯದು. ಕಿಕ್ 1, 5, 9, 13ರಲ್ಲಿ ಹಾಕಿ. ಕ್ಲಾಪ್ 5 ಮತ್ತು 13ರಲ್ಲಿ. ಓಪನ್ ಹ್ಯಾಟ್ (ತೆರೆದ ಜೋಡಿ ತಾಳದ ಸದ್ದು) 3, 7, 11, 15ರಲ್ಲಿ. ಹೌಸ್ ಅನ್ನುವ ಡಾನ್ಸ್ ಸಂಗೀತದ ಬೀಟ್‌ಗೆ ಬೆನ್ನುಮೂಳೆ ರೆಡಿ. ಉಳಿದ ಸಮಯವೆಲ್ಲ ಯಾವ ಹೆಜ್ಜೆ ಖಾಲಿ ಬಿಡಬೇಕು ಅನ್ನುವುದಕ್ಕೆ ಸಿಗುತ್ತದೆ. ನನಗೆ ಅದೇ ಮುಖ್ಯ. ಸ್ಟೆಪ್‌ನಲ್ಲಿ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ.

ಗ್ರಿಡ್‌ನಲ್ಲಿ (ಆ ಚೌಕದ ಸಾಲಿನಲ್ಲಿ) ಮಾಡಿದ್ದೆಲ್ಲ ಗಡುಸು ಅನ್ನುವವರು ಮೊದಲು ಹ್ಯಾಟ್‌ನ ವೆಲಾಸಿಟಿ, ಅಂದರೆ ಹೊಡೆತದ ಜೋರು, ನೋಡಲಿ. ಹದಿನಾರೂ ಹೆಜ್ಜೆ 100ರಲ್ಲಿ ಇದ್ದರೆ ಗಡುಸಾಗಿಯೇ ಇರುತ್ತದೆ. ನಾಲ್ಕು ಹೆಜ್ಜೆಗೆ 105, 58, 82, 50 ಅಂತ ಕೊಟ್ಟು ಅದನ್ನೇ ಮುಂದುವರಿಸಿ. ಒಂದು ನೋಟ್ ಕೂಡ ಜಾಗ ಬಿಟ್ಟು ಅಲುಗಿರುವುದಿಲ್ಲ, ಆದರೂ ಓಟ ಬಂದಿರುತ್ತದೆ. ಓಪನ್ ಹ್ಯಾಟ್, ಕ್ಲೋಸ್ಡ್ ಹ್ಯಾಟ್ ಎರಡನ್ನೂ ಒಂದೇ ಚೋಕ್ ಗ್ರೂಪ್‌ಗೆ ಸೇರಿಸಿ. ಒಂದು ಬಂದಾಗ ಇನ್ನೊಂದು ನಿಲ್ಲಬೇಕು. ನಿಜವಾದ ಹ್ಯಾಟ್ ಹಾಗೇ ಅಲ್ವಾ ಇರುವುದು.

ಬೆರಳಾಟ

ವೆಲಾಸಿಟಿ ಮಾತು ಒಪ್ಪಿದೆ. ಆದರೆ ಆ 105, 58, 82, 50 ಅನ್ನು ಮೌಸ್ ಹಿಡಿದು ಒಂದೊಂದಾಗಿ ಬರೆಯಬೇಕಾ? ಬೆರಳಿಗೆ ಬಿಟ್ಟರೆ ಅದೇ ಕೊಡುತ್ತದೆ. ಪ್ರತಿ ಬಾರ್‌ಗೂ ಸ್ವಲ್ಪ ಸ್ವಲ್ಪ ಬೇರೆ ಮಾಡಿ ಕೊಡುತ್ತದೆ.

ಪ್ಯಾಡ್ ದಾರಿಯನ್ನು ಗಟ್ಟಿ ಮಾಡಿದ್ದು 1988ರ ಅಕಾಯ್ ಎಂಪಿಸಿ60 ಅನ್ನುವ ಮಷಿನ್. ಅದರ ಹಿಂದಿದ್ದವರು ರೋಜರ್ ಲಿನ್. ನಿಜವಾದ ಡ್ರಮ್ಸ್‌ನ ಡಿಜಿಟಲ್ ಸ್ಯಾಂಪಲ್ ಇದ್ದ ಎಲ್ಎಂ-1 ಮಷಿನ್ ಅನ್ನು 1980ರಲ್ಲಿ ತಂದವರೂ ಅವರೇ. ಇವತ್ತು ನಾವು ದಿನಾ ತಿರುಗಿಸುವ ಸ್ವಿಂಗ್ ಅನ್ನುವ ಗುಂಡಿ ಆ ಮಷಿನ್‌ಗಳಿಂದಲೇ ಬಳಕೆಗೆ ಬಂತು. ಅದು ಮಾಡುವ ಕೆಲಸ ಇಷ್ಟು: ಜೋಡಿ ಹದಿನಾರನೇ ನೋಟ್‌ಗಳಲ್ಲಿ ಎರಡನೆಯದನ್ನು ಸ್ವಲ್ಪ ತಡ ಮಾಡುವುದು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಎಂಟನೇ ನೋಟ್ ಒಂದಕ್ಕೆ 250 ಮಿಲಿಸೆಕೆಂಡ್. ಸ್ವಿಂಗ್ 50% ಇದ್ದರೆ ಅದು 125 ಮತ್ತು 125 ಆಗಿ ಸಮ ಒಡೆಯುತ್ತದೆ. 54% ಕೊಟ್ಟರೆ 135 ಮತ್ತು 115. 66% ಹತ್ತಿರ ಹೋದರೆ 165 ಮತ್ತು 85, ಹೆಚ್ಚುಕಮ್ಮಿ ಟ್ರಿಪ್ಲೆಟ್. ಹತ್ತು ಮಿಲಿಸೆಕೆಂಡ್‌ಗೆ ಏನಾಗುತ್ತದೆ ಅಂತ ಅನ್ನಿಸಬಹುದು. 50ರಿಂದ 54ಕ್ಕೆ ತಿರುಗಿಸಿ ಕೇಳಿ, ಕಾಲು ತಾನಾಗಿ ಅಲ್ಲಾಡುತ್ತದೆ.

ನಾನು ಮಾಡುವ ರೀತಿ ಹೀಗೆ. ಮೊದಲ ಸುತ್ತಿನಲ್ಲಿ ಕಿಕ್, ಸ್ನೇರ್ ಮಾತ್ರ. ಲೂಪ್ ತಿರುಗುತ್ತಲೇ ಇರುತ್ತದೆ, ಎರಡನೇ ಸುತ್ತಿನಲ್ಲಿ ಹ್ಯಾಟ್. ಎಂಟು ಬಾರ್ ನುಡಿಸಿ, ಅದರಲ್ಲಿ ಚೆನ್ನಾಗಿ ಕೂತ ಎರಡು ಬಾರ್ ಇಟ್ಟುಕೊಳ್ಳುತ್ತೇನೆ. ಕ್ವಾಂಟೈಸ್ (ನೋಟ್‌ಗಳನ್ನು ಗ್ರಿಡ್ ಗೆರೆಗೆ ಎಳೆಯುವುದು) ಪೂರ್ತಿ 100% ಕೊಡುವುದಿಲ್ಲ. 50, 60 ಸಾಕು. ತಪ್ಪು ಬಿದ್ದ ನೋಟ್ ಹತ್ತಿರ ಬರುತ್ತದೆ, ಆದರೆ ಕೈಯ ಗುರುತು ಅಳಿಸಿಹೋಗುವುದಿಲ್ಲ.

ಒಂದು ಎಚ್ಚರಿಕೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಂಡು, ದೊಡ್ಡದಿದ್ದರೆ ಪ್ಯಾಡ್ ಹೊಡೆದ ಮೇಲೆ ಸದ್ದು ತಡವಾಗಿ ಬರುತ್ತದೆ. 44.1 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ ಸುಮಾರು 2.9 ಮಿಲಿಸೆಕೆಂಡ್. 1024 ಇಟ್ಟರೆ 23 ದಾಟುತ್ತದೆ. ಅಷ್ಟು ತಡದಲ್ಲಿ ಯಾರ ಕೈಯೂ ನೆಟ್ಟಗೆ ನುಡಿಯಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಪ್ಯಾಡ್ ನುಡಿಸುವುದಂತೂ ಬೇಡವೇ ಬೇಡ. ತಂತಿ ಇರುವುದನ್ನೇ ಹಾಕಿಕೊಳ್ಳಿ.

ನಿಶ್ಶಬ್ದ_ಬಾರ್

ಪ್ಯಾಡ್ ಇಲ್ಲದವರು ಕಂಪ್ಯೂಟರ್ ಕೀಗಳಲ್ಲೇ ನುಡಿಸಿದರೆ ಆಗುತ್ತಾ?

ಬೆರಳಾಟ

ಟೈಮಿಂಗ್ ಸಿಗುತ್ತದೆ, ವೆಲಾಸಿಟಿ ಸಿಗಲ್ಲ. ಕಂಪ್ಯೂಟರ್‌ಗೆ ಜೋಡಿಸಿ ನುಡಿಸುವ ಯಾವುದಾದರೂ ಮಿಡಿ ಕೀಬೋರ್ಡ್ ಇದ್ದರೆ ಅದೇ ಸಾಕು. ಜನರಲ್ ಮಿಡಿ ಅನ್ನುವ ಒಪ್ಪಿತ ಪಟ್ಟಿಯ ಲೆಕ್ಕದಲ್ಲಿ ಕಿಕ್ 36ನೇ ನೋಟ್, ಸ್ನೇರ್ 38, ಕ್ಲೋಸ್ಡ್ ಹ್ಯಾಟ್ 42, ಓಪನ್ ಹ್ಯಾಟ್ 46. ತುಂಬಾ ಕಿಟ್‌ಗಳು ಇದೇ ಜಾಗದಲ್ಲಿ ಸದ್ದು ಇಟ್ಟಿರುತ್ತವೆ. ಎಡಗೈಗೆ ಕಿಕ್, ಸ್ನೇರ್ ಕೊಟ್ಟು, ಬಲಗೈಗೆ ಹ್ಯಾಟ್ ಕೊಡಿ.

ಸೈನ್_ಅಲೆ

ಇಬ್ಬರೂ ಯಾವಾಗ ಬೀಳಬೇಕು ಅನ್ನುವುದರ ಬಗ್ಗೆಯೇ ಮಾತಾಡಿದಿರಿ. ಏನು ಬೀಳುತ್ತಿದೆ ಅನ್ನುವುದು ಇನ್ನೂ ಮುಖ್ಯ ಅಂತ ನನ್ನ ವಾದ. ಅದರಲ್ಲೂ ಕಿಕ್.

ಸ್ಯಾಂಪಲ್ ಪ್ಯಾಕ್‌ನ ಕಿಕ್ ಯಾರೋ ಇನ್ನೊಬ್ಬರು, ಯಾವುದೋ ಬೇಸ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನೂರಾರು ಫೈಲ್ ತೆಗೆದು ಕೇಳುತ್ತಾ ಕೂರುವ ಬದಲು ಒಂದನ್ನು ಮಾಡಿಕೊಂಡರೆ ಅದು ನಮ್ಮ ಬೇಸ್‌ಗೆ ಹೊಂದುತ್ತದೆ. ಬೇಕಾಗಿರುವುದು ಒಂದು ಸೈನ್ ಅಲೆ ಅಷ್ಟೇ. ಅದರ ಪಿಚ್ ಅನ್ನು 250 ಹರ್ಟ್ಜ್ ಸುತ್ತಮುತ್ತ ಶುರು ಮಾಡಿ, 40 ಮಿಲಿಸೆಕೆಂಡ್ ಒಳಗೆ 50 ಹರ್ಟ್ಜ್‌ಗೆ ಇಳಿಸಿ. ಆ ಇಳಿತವೇ ಹೊಡೆತದ ಹಾಗೆ ಕೇಳಿಸುವುದು. ಇಳಿತ ನಿಧಾನ ಮಾಡಿದರೆ ಹಳೆಯ ಟಾಮ್ ಡ್ರಮ್ ಥರ ಆಗುತ್ತದೆ, ತೀರಾ ಬೇಗ ಮಾಡಿದರೆ ಬರೀ ಟಿಕ್ ಅನ್ನುತ್ತದೆ. ನಡುವಿನ ಜಾಗ ಕಿವಿಯಿಂದಲೇ ಹುಡುಕಬೇಕು. ಅದರ ಮೇಲೆ ಮೂರು ನಾಲ್ಕು ಮಿಲಿಸೆಕೆಂಡ್ ನಾಯ್ಸ್ ಇಟ್ಟರೆ ತುದಿ ಬರುತ್ತದೆ. ಕೊನೆಗೆ ಸ್ವಲ್ಪ ಸ್ಯಾಚುರೇಶನ್, ಅಂದರೆ ಸದ್ದಿಗೆ ಹದವಾದ ಒಡಕು. ಇದು ಸುಮ್ನೆ ಅಲಂಕಾರಕ್ಕಲ್ಲ. 50 ಹರ್ಟ್ಜ್ ಅನ್ನು ಫೋನ್ ಸ್ಪೀಕರ್ ಹೊರಡಿಸಲಾರದು. ಸ್ಯಾಚುರೇಶನ್‌ನಿಂದ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಮೇಲಿನ ಸ್ವರಗಳು) ಹುಟ್ಟುತ್ತವೆ, ಅವನ್ನು ಹಿಡಿದು ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ.

ಬೇಸ್ 'ಜಿ'ಯಲ್ಲಿ ಇದ್ದರೆ ಕಿಕ್ ಅನ್ನು 49 ಹರ್ಟ್ಜ್‌ನಲ್ಲಿ ನಿಲ್ಲಿಸಿ. 'ಎ'ಯಲ್ಲಿ ಇದ್ದರೆ 55. ಸ್ಯಾಂಪಲ್ ಅನ್ನೂ ಪಿಚ್ ಮಾಡಬಹುದು, ಗೊತ್ತು. ಆದರೆ ಆಗ ತುದಿ, ಉದ್ದ ಎಲ್ಲವೂ ಜೊತೆಗೇ ಬದಲಾಗುತ್ತವೆ. ಸಿಂಥ್‌ನಲ್ಲಿ ಒಂದನ್ನು ಮುಟ್ಟಿದರೆ ಒಂದೇ ಬದಲಾಗುತ್ತದೆ.

ಸ್ನೇರ್ ಕೂಡ ಇಷ್ಟೇ ಸರಳ. 180 ಮತ್ತು 330 ಹರ್ಟ್ಜ್ ಹತ್ತಿರ ಎರಡು ಸ್ವರ, ಮೇಲೆ ನಾಯ್ಸ್. ಹ್ಯಾಟ್ ಮಾತ್ರ ಕಷ್ಟ. 808ರಲ್ಲಿ ಒಂದಕ್ಕೊಂದು ಶ್ರುತಿ ಸೇರದ ಆರು ಸ್ಕ್ವೇರ್ ಅಲೆಗಳನ್ನು ಬೆರೆಸಿ, ಫಿಲ್ಟರ್ ಮಾಡಿ ಹ್ಯಾಟ್ ಮಾಡಿದ್ದರು. ಅದರಲ್ಲಿ ಎರಡನ್ನು ತಗೊಂಡು ಕೌಬೆಲ್ ಮಾಡಿದ್ದರು. ರೋಲ್ಯಾಂಡ್‌ನದೇ 1983ರ ಟಿಆರ್-909ರಲ್ಲಿ ಕಿಕ್, ಸ್ನೇರ್ ಅನಲಾಗ್ ಆಗಿಯೇ ಉಳಿದವು. ಹ್ಯಾಟ್, ಸಿಂಬಲ್‌ಗಳಿಗೆ ಮಾತ್ರ 6 ಬಿಟ್ ಸ್ಯಾಂಪಲ್ ಹಾಕಿದರು. ನಾನೂ ಅದೇ ಮಾಡುತ್ತೇನೆ. ಕೆಳಗಿನದು ಸಿಂಥ್, ಮೇಲಿನದು ಸ್ಯಾಂಪಲ್.

ಚೂರುಪಾರು

ಕಿಕ್ ಬಗ್ಗೆ ಬರೆದದ್ದು ಓದಿ ಖುಷಿಯಾಯಿತು, ಆದರೂ ನನ್ನ ಮನಸ್ಸು ಬ್ರೇಕ್ ಕಡೆಗೇ. ಸಿಂಥ್‌ನಲ್ಲಿ ಕಿಕ್ ಸಿಗುತ್ತದೆ, ಸ್ನೇರ್ ಸಿಗುತ್ತದೆ. ಎರಡರ ನಡುವಿನ ಗಾಳಿ ಸಿಗಲ್ಲ. ಒಬ್ಬ ಮನುಷ್ಯ ಒಂದು ಕೋಣೆಯಲ್ಲಿ ಕೂತು ನುಡಿಸಿದಾಗ ಸ್ನೇರ್‌ನ ಮೈಕ್‌ನಲ್ಲಿ ಹ್ಯಾಟ್ ಕೇಳಿಸುತ್ತದೆ, ಕಿಕ್ ಹೊಡೆದರೆ ಸ್ನೇರ್‌ನ ತಂತಿ ಗುರ್ ಅನ್ನುತ್ತದೆ. ಆ ಬೆರಕೆಯೇ ಬ್ರೇಕ್‌ನ ಜೀವ.

ದಿ ವಿನ್‌ಸ್ಟನ್ಸ್ ತಂಡದ 1969ರ ಒಂದು ರೆಕಾರ್ಡಿಂಗ್‌ನಲ್ಲಿ ನಾಲ್ಕು ಬಾರ್ ಡ್ರಮ್ಸ್ ಮಾತ್ರ ಇದೆ. ಅದೇ ಅಮೆನ್ ಬ್ರೇಕ್. ಅದರ ಸ್ವಂತ ವೇಗ 136, 137ರ ಆಸುಪಾಸು. ಅದನ್ನು 160ರ ಮೇಲೆ ಓಡಿಸಿ, ಚೂರು ಮಾಡಿ, ಜಾಗ ಬದಲಿಸಿ ಜಂಗಲ್ ಅನ್ನುವ ಸಂಗೀತವೇ ಬೆಳೆಯಿತು. ಚೂರು ಮಾಡುವಾಗ ಬರೀ ಗ್ರಿಡ್‌ಗೆ ಕತ್ತರಿಸಬೇಡಿ. ಹೊಡೆತ ಶುರುವಾಗುವ ತುದಿಗೆ ಕತ್ತರಿಸಿ. ಡ್ರಮ್ಮರ್ ಸ್ವಲ್ಪ ತಡವಾಗಿ ಹೊಡೆದ ಸ್ನೇರ್ ಇರುತ್ತದೆ, ಗ್ರಿಡ್‌ಗೆ ಕತ್ತರಿಸಿದರೆ ಚೂರಿನ ಮೊದಲಲ್ಲಿ ಹಿಂದಿನ ಹ್ಯಾಟ್‌ನ ಬಾಲ ಅಂಟಿಕೊಂಡು ಬರುತ್ತದೆ.

ಇನ್ನೊಂದು ಮಾತು, ಇದು ನನಗೆ ಮನಸ್ಸಿಗೆ ತಟ್ಟುವ ವಿಷಯ. ಆ ನಾಲ್ಕು ಬಾರ್ ನುಡಿಸಿದ ಗ್ರೆಗರಿ ಕೋಲ್‌ಮನ್‌ಗೆ ಅದರಿಂದ ರಾಯಲ್ಟಿ ಅಂತ ಏನೂ ಬರಲಿಲ್ಲ. ಹಾಗಾಗಿ ಬಿಡುಗಡೆ ಮಾಡುವ ಟ್ರ್ಯಾಕ್‌ಗೆ ಹಳೆಯ ರೆಕಾರ್ಡ್ ಕತ್ತರಿಸುವ ಮೊದಲು ಅನುಮತಿ ವಿಚಾರ ನೋಡಿ. ಲೈಸೆನ್ಸ್ ಸಮೇತ ಸಿಗುವ, ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದ ಬ್ರೇಕ್‌ಗಳೂ ಇವೆ. ಕಲಿಯಲು, ಬಿಡುಗಡೆ ಮಾಡಲು ಎರಡಕ್ಕೂ ಅವು ಆಗುತ್ತವೆ.

ನಿಶ್ಶಬ್ದ_ಬಾರ್

ಹಾಗಾದರೆ ಸಿದ್ಧ ಲೂಪ್ ಹಾಕುವುದು ಮೋಸ ಅಂತಾರಲ್ಲ, ಅದಕ್ಕೆ ಏನಂತೀರಿ?

ಚೂರುಪಾರು

ಮೋಸ ಅಲ್ಲ. ತೊಂದರೆ ಬೇರೆ. ಮಿಕ್ಸ್ ಮಾಡುವಾಗ ಸ್ನೇರ್ ಒಂದನ್ನೇ ಇಳಿಸಬೇಕು ಅನ್ನಿಸುತ್ತದೆ. ಲೂಪ್‌ನಲ್ಲಿ ಆಗಲ್ಲ.

ಹದಿನಾರನೇ_ಹೆಜ್ಜೆ

ಮಂದ್ರ ಅವರೇ, ಎಲ್ಲರೂ ಅವರವರ ದಾರಿ ಹೇಳಿಯಾಯಿತು. ಈಗ ನಿಮ್ಮ ಟ್ರ್ಯಾಕ್ ಬಗ್ಗೆ ಹೇಳಿ. ವೇಗ ಎಷ್ಟು, ಬೇಸ್ ಎಲ್ಲಿ ಬೀಳುತ್ತದೆ, ಸದ್ಯ ಡ್ರಮ್ಸ್‌ಗೆ ಏನು ಹಾಕಿದ್ದೀರಿ? ಅದು ಗೊತ್ತಿಲ್ಲದೆ ದಾರಿ ತೋರಿಸಿ ಉಪಯೋಗವಿಲ್ಲ.

ಮಂದ್ರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ವೇಗ 126. ಉದ್ದುದ್ದ ಕಾರ್ಡ್ಸ್. ಬೇಸ್ ಆಫ್-ಬೀಟ್‌ನಲ್ಲಿ, ಅಂದರೆ ಎರಡು ಬೀಟ್‌ಗಳ ನಟ್ಟನಡುವೆ, ಬೀಳುತ್ತದೆ, ನಡುನಡುವೆ ಕೆಲವು ಹದಿನಾರನೇ ನೋಟ್‌ಗಳೂ ಇವೆ. ಸ್ವರ 'ಜಿ'. ಡ್ರಮ್ಸ್‌ಗೆ ಒಂದು ಹೌಸ್ ಲೂಪ್ ಹಾಕಿದ್ದೇನೆ. ಲೂಪ್ ಒಂದನ್ನೇ ಕೇಳಿದರೆ ಚೆನ್ನಾಗಿದೆ. ಬೇಸ್ ಜೊತೆ ಕೇಳಿದರೆ ಎರಡೂ ಬೇರೆ ಬೇರೆ ಹಾಡಿನಿಂದ ಬಂದ ಹಾಗೆ ಕೇಳಿಸುತ್ತದೆ. ತಳ ಮಸುಕು. ಮೊದಲಿಂದ ಕೊನೆವರೆಗೂ ಒಂದೇ ಥರ ಬೇರೆ.

ಹದಿನಾರನೇ_ಹೆಜ್ಜೆ

ಈಗ ಕೆಲಸ ಸುಲಭವಾಯಿತು. ನಿಮ್ಮದು ಮೂರು ತೊಂದರೆ. ಒಂದಕ್ಕೊಂದು ಸಂಬಂಧ ಇಲ್ಲ, ಒಂದೇ ದಾರಿಯಿಂದ ಮೂರೂ ಸರಿಹೋಗಲ್ಲ.

ತಳ ಮಸುಕಾಗಿರುವುದು ಕಿಕ್‌ನ ಉದ್ದದಿಂದ. 126ರಲ್ಲಿ ಒಂದು ಬೀಟ್‌ಗೆ 476 ಮಿಲಿಸೆಕೆಂಡ್. ಆಫ್-ಬೀಟ್ ಬರುವುದು 238ಕ್ಕೆ. ಕಿಕ್‌ನ ಬಾಲ ಅಷ್ಟರೊಳಗೆ ಮುಗಿಯದಿದ್ದರೆ ಬೇಸ್ ಬಂದು ಅದರ ಮೇಲೇ ಕೂರುತ್ತದೆ. ಲೂಪ್ ಒಳಗಿರುವ ಕಿಕ್ ಅನ್ನು ಗಿಡ್ಡ ಮಾಡುವುದು ಕಷ್ಟ. ಅದಕ್ಕೆ ಸೈನ್_ಅಲೆ ಅವರ ದಾರಿ ಹಿಡಿಯಿರಿ. ಕಿಕ್ ನೀವೇ ಮಾಡಿ, ಡಿಕೇ (ಸದ್ದು ಆರಿಹೋಗುವ ಸಮಯ) 200 ಮಿಲಿಸೆಕೆಂಡ್ ಒಳಗೆ ಇಡಿ.

ಎರಡೂ ಬೇರೆ ಹಾಡಿನಂತೆ ಕೇಳಿಸುವುದು ಸ್ವಿಂಗ್‌ನಿಂದ ಇರಬಹುದು. ಲೂಪ್ ಮಾಡಿದವರು ಸ್ವಿಂಗ್ ಹಾಕಿರುತ್ತಾರೆ. ನಿಮ್ಮ ಬೇಸ್ ಗ್ರಿಡ್ ಮೇಲೆ ನೇರ ಕೂತಿರುತ್ತದೆ. ಲೂಪ್‌ನ ಸ್ವಿಂಗ್ 57% ಅಂದುಕೊಳ್ಳಿ. ಆಗ ಹದಿನಾರನೇ ಹ್ಯಾಟ್ ನಿಮ್ಮ ಬೇಸ್‌ನ ನೋಟ್‌ಗಿಂತ ಸುಮಾರು 17 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಆಫ್-ಬೀಟ್‌ನಲ್ಲಿ ವ್ಯತ್ಯಾಸ ಗೊತ್ತಾಗಲ್ಲ, ಯಾಕೆಂದರೆ ಹದಿನಾರನೇ ನೋಟ್‌ನ ಸ್ವಿಂಗ್ ಎಂಟನೇ ನೋಟ್‌ಗಳನ್ನು ಮುಟ್ಟುವುದಿಲ್ಲ. ಆ ನಡುವಿನ ನೋಟ್‌ಗಳಲ್ಲಿ ಮಾತ್ರ ತಿಕ್ಕಾಟ. ಲೂಪ್‌ನ ಅಲೆಯನ್ನು ಹಿಗ್ಗಿಸಿ ನೋಡಿ, ಹ್ಯಾಟ್‌ನ ತುದಿ ಗ್ರಿಡ್ ಗೆರೆ ದಾಟಿ ಬಿದ್ದಿದ್ದರೆ ಅದೇ ಕಾರಣ. ಏಬಲ್ಟನ್ ಲೈವ್‌ನಂಥ ಸಾಫ್ಟ್‌ವೇರ್‌ನಲ್ಲಿ ಆಡಿಯೋದಿಂದ ಗ್ರೂವ್ (ನೋಟ್‌ಗಳು ಬೀಳುವ ಕ್ಷಣಗಳ ಅಚ್ಚು) ಹೊರತೆಗೆದು ಬೇಸ್‌ಗೆ ಹಾಕಬಹುದು. ಇಲ್ಲವಾದರೆ ಬೇಸ್‌ನ ಆ ಕೆಲವು ನೋಟ್‌ಗಳನ್ನು ಅಷ್ಟೇ ತಡವಾಗಿ ಬೀಳುವ ಹಾಗೆ ಕೈಯಲ್ಲೇ ಸರಿಸಿ.

ಮೂರನೆಯದು ಬದಲಾವಣೆ. ಅದಕ್ಕೆ ಬೇರೆ ಯಾರಾದರೂ ಹೇಳಲಿ.

ಮೂರೆಂಟು

ಅದು ನನ್ನ ಇಷ್ಟದ ಭಾಗ, ಹೇಳುತ್ತೇನೆ.

ಡ್ರಮ್ಸ್ ಬದಲಾಗಬೇಕು ಅಂದರೆ ಎಂಟು ಬಾರ್‌ಗೊಮ್ಮೆ ಫಿಲ್ (ಒಂದು ಸಣ್ಣ ತುಂಬು ನುಡಿತ) ಹಾಕುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸದ್ದುಗಳ ಉದ್ದವನ್ನೇ ಬೇರೆ ಬೇರೆ ಮಾಡಿ ನೋಡಿ. ಕಿಕ್, ಕ್ಲಾಪ್ 16 ಹೆಜ್ಜೆಯಲ್ಲಿ ತಿರುಗಲಿ. ಒಂದು ಸಣ್ಣ ರಿಮ್ (ಸ್ನೇರ್‌ನ ಅಂಚಿಗೆ ಹೊಡೆದ ಸದ್ದು) ಅನ್ನು 12 ಹೆಜ್ಜೆಯಲ್ಲಿ ತಿರುಗಿಸಿ. ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 48 ಹೆಜ್ಜೆ ಆದ ಮೇಲೆ, ಅಂದರೆ ಮೂರು ಬಾರ್‌ಗೆ. 7 ಹೆಜ್ಜೆ ಮಾಡಿದರೆ ಏಳು ಬಾರ್ ಬೇಕು. ನೀವು ಹೊಸದಾಗಿ ಏನೂ ಬರೆದಿಲ್ಲ, ಆದರೂ ಅಷ್ಟು ಹೊತ್ತು ರಿಮ್ ಒಂದೊಂದು ಬಾರ್‌ನಲ್ಲಿ ಒಂದೊಂದು ಕಡೆ ಬೀಳುತ್ತಿರುತ್ತದೆ.

ಎಲ್ಲಿ ಹೊಡೆತ ಇಡಬೇಕು ತಿಳಿಯದಿದ್ದರೆ ಯೂಕ್ಲಿಡಿಯನ್ ಸೀಕ್ವೆನ್ಸರ್ ಬಳಸಿ. ಎಂಟು ಹೆಜ್ಜೆಯಲ್ಲಿ ಮೂರು ಹೊಡೆತಗಳನ್ನು ಆದಷ್ಟು ಸಮನಾಗಿ ಹಂಚು ಅಂದರೆ ಅದು 1, 4, 7ರಲ್ಲಿ ಇಡುತ್ತದೆ. ಜಗತ್ತಿನ ಎಷ್ಟೋ ಸಂಗೀತಗಳಲ್ಲಿ ಈ ನಡಿಗೆ ಇದೆ. ಯೂಕ್ಲಿಡ್‌ನ ಹಳೆಯ ಗಣಿತಕ್ಕೂ ಇಂಥ ಲಯಗಳಿಗೂ ಇರುವ ನಂಟನ್ನು ಗಾಡ್‌ಫ್ರೀಡ್ ಟೂಸಾಂ 2005ರಲ್ಲಿ ತೋರಿಸಿದರು. ಆಮೇಲೆ ಅದು ಸೀಕ್ವೆನ್ಸರ್‌ಗಳಲ್ಲಿ ಸಾಮಾನ್ಯವಾಯಿತು. ಕೋಡ್ ಬರೆದು ಸಂಗೀತ ಮಾಡುವ ಟೈಡಲ್ ಸೈಕಲ್ಸ್‌ನಲ್ಲೂ ಇದಕ್ಕೆ ಒಂದೇ ಸಣ್ಣ ಸಾಲು ಸಾಕು.

ಕಿಕ್, ಕ್ಲಾಪ್ ಅನ್ನು ಮಾತ್ರ ಈ ಆಟಕ್ಕೆ ಸೇರಿಸಬೇಡಿ. ಅವು ನಿಂತಲ್ಲೇ ನಿಲ್ಲಲಿ. ಅವು ಗಟ್ಟಿಯಾಗಿದ್ದರೆ ತಾನೇ ರಿಮ್ ಅಲೆದಾಡುವುದು ಗೊತ್ತಾಗುವುದು.

ಬೆರಳಾಟ

ಒಂದು ಸಣ್ಣ ತಕರಾರು. 7 ಹೆಜ್ಜೆಯ ರಿಮ್ ಎಂಟು ಬಾರ್‌ನ ಕಾರ್ಡ್ಸ್ ಬದಲಾಗುವ ಜಾಗದಲ್ಲಿ ಎಲ್ಲೆಲ್ಲೋ ಬಿದ್ದು ಕೆಡಿಸುತ್ತದೆ. ಎಂಟನೇ ಬಾರ್ ಮುಗಿದ ಕೂಡಲೇ ಅದನ್ನು ಮೊದಲಿಗೆ ತಂದು ನಿಲ್ಲಿಸುವುದು ಒಳ್ಳೆಯದು.

ಮೂರೆಂಟು

ಒಪ್ಪಿದೆ. ರೀಸೆಟ್ ಇಡಿ.

ಸೈನ್_ಅಲೆ

ಮಂದ್ರ ಅವರೇ, ಹೊಸ ಕಿಕ್ ಮಾಡಿದರೆ ಲೂಪ್ ಅನ್ನು ಪೂರ್ತಿ ಬಿಸಾಡಬೇಕಿಲ್ಲ. ಅದಕ್ಕೆ 300 ಹರ್ಟ್ಜ್ ಹತ್ತಿರ ಹೈ-ಪಾಸ್ ಫಿಲ್ಟರ್ ಹಾಕಿ. ಹಳೆಯ ಕಿಕ್‌ನ ತಳ ಹೋಗುತ್ತದೆ, ಹ್ಯಾಟ್, ಶೇಕರ್ ಉಳಿಯುತ್ತವೆ. ಆದರೆ ಆ ಕಿಕ್‌ನ ಟಕ್ ಅನ್ನುವ ತುದಿ ಮೇಲಿನ ಭಾಗದಲ್ಲಿ ಉಳಿದಿರುತ್ತದೆ. ನಿಮ್ಮ ಕಿಕ್‌ಗಿಂತ ಅದು ಒಂದೆರಡು ಮಿಲಿಸೆಕೆಂಡ್ ಆಚೀಚೆ ಆದರೂ ಹೊಡೆತ ಮೊಂಡಾಗುತ್ತದೆ. ಲೂಪ್ ಮೇಲೆ ಕಿಕ್‌ನಿಂದ ಸೈಡ್‌ಚೈನ್ (ಒಂದು ಸದ್ದು ಬಂದಾಗ ಇನ್ನೊಂದು ತಾನಾಗಿ ತಗ್ಗುವ ವ್ಯವಸ್ಥೆ) ಕೊಟ್ಟು ಆ ಕ್ಷಣಕ್ಕೆ ಅದನ್ನು ತಗ್ಗಿಸಿ.

ಎರಡು ಕಿಕ್ ಒಂದರ ಮೇಲೊಂದು ಇಡುವ ಯೋಚನೆ ಇದ್ದರೆ ಫೇಸ್ ನೋಡಿ. ಒಂದು ಅಲೆ ಮೇಲೇಳುವಾಗ ಇನ್ನೊಂದು ಕೆಳಗಿಳಿದರೆ ಎರಡು ಸೇರಿ ಒಂದಕ್ಕಿಂತ ತೆಳ್ಳಗೆ ಕೇಳಿಸುತ್ತವೆ. ಒಂದರ ಪೊಲಾರಿಟಿ ತಿರುಗಿಸಿ ಕೇಳಿ, ಯಾವುದು ದಪ್ಪವಾಗಿದೆಯೋ ಅದನ್ನು ಇಟ್ಟುಕೊಳ್ಳಿ.

ಮಂದ್ರ

ಎಲ್ಲವನ್ನೂ ಮಾಡಿ ನೋಡಿದೆ. ಕಿಕ್ ಸಿಂಥ್‌ನಲ್ಲಿ ಮಾಡಿ 49 ಹರ್ಟ್ಜ್‌ಗೆ ನಿಲ್ಲಿಸಿದೆ, ಡಿಕೇ 190. ಬೇಸ್ ಈಗ ಒಂದೊಂದು ನೋಟ್ ಬಿಡಿಬಿಡಿಯಾಗಿ ಕೇಳಿಸುತ್ತದೆ. ನನಗೆ ತುಂಬಾ ಸಂತೋಷವಾದದ್ದು ಇದರಲ್ಲೇ. ಲೂಪ್ ಹಿಗ್ಗಿಸಿ ನೋಡಿದರೆ ಹ್ಯಾಟ್‌ಗಳು ನಿಜವಾಗಿಯೂ ಗೆರೆ ದಾಟಿ ತಡವಾಗಿ ಬಿದ್ದಿದ್ದವು. ಗ್ರೂವ್ ತೆಗೆದು ಬೇಸ್‌ಗೆ ಹಾಕಿದೆ. ಲೂಪ್‌ನ ಮೇಲಿನ ಭಾಗ ಮಾತ್ರ ಇಟ್ಟು ತಗ್ಗಿಸಿದೆ, ಅದರ ಮೇಲೆ ಓಪನ್ ಹ್ಯಾಟ್ ಕೈಯಲ್ಲಿ ನುಡಿಸಿದೆ. ರಿಮ್ 12 ಹೆಜ್ಜೆಯಲ್ಲಿ ತಿರುಗುತ್ತಿದೆ. ಅದಕ್ಕೂ ರೀಸೆಟ್ ಇಟ್ಟಿದ್ದೇನೆ.

ಉಳಿದಿರುವುದು ಕ್ಲಾಪ್. 808 ಥರದ ಒನ್-ಶಾಟ್ ಹಾಕಿದ್ದೇನೆ, ಸರಿಯಾಗಿ 5 ಮತ್ತು 13ರ ಮೇಲೆ. ಆದರೂ ಕಿಕ್‌ಗಿಂತ ತಡವಾಗಿ ಬಂದ ಹಾಗೆ ಅನ್ನಿಸುತ್ತದೆ. ಯಾಕೆ?

ಸೈನ್_ಅಲೆ

ಆ ಕ್ಲಾಪ್ ಒಂದು ಹೊಡೆತ ಅಲ್ಲ. ಮೊದಲು ಸುಮಾರು 10 ಮಿಲಿಸೆಕೆಂಡ್ ಅಂತರದಲ್ಲಿ ಚಟ್ ಚಟ್ ಚಟ್ ಅಂತ ಸಣ್ಣ ಸಿಡಿತಗಳು, ಆಮೇಲೆ ದೊಡ್ಡ ಬಾಲ. ಫೈಲ್‌ನ ಮೊದಲು ಗ್ರಿಡ್ ಮೇಲಿದೆ, ಆದರೆ ಕಿವಿ ಲೆಕ್ಕಕ್ಕೆ ತಗೊಳ್ಳುವುದು ಕೊನೆಯ ಸಿಡಿತವನ್ನು. ಅದು ಬರುವ ಹೊತ್ತಿಗೆ ಕಿಕ್‌ನ ತುದಿ ಮುಗಿದಿರುತ್ತದೆ. ಕ್ಲಾಪ್‌ನ ಟ್ರ್ಯಾಕ್ ಪೂರ್ತಿಯನ್ನು 10ರಿಂದ 20 ಮಿಲಿಸೆಕೆಂಡ್ ಮುಂಚೆ ಬರುವ ಹಾಗೆ ಟ್ರ್ಯಾಕ್ ಡಿಲೇಯಲ್ಲಿ ಮೈನಸ್ ಕೊಡಿ. ನೋಟ್‌ಗಳನ್ನು ಮುಟ್ಟಬೇಡಿ, ಆಗ ಕ್ಲಾಪ್ ಸದ್ದು ಬದಲಿಸಿದರೆ ಒಂದೇ ಅಂಕಿ ತಿದ್ದಿದರೆ ಆಯಿತು.

ಮಂದ್ರ

ಮೈನಸ್ 14ಕ್ಕೆ ಕೂತಿತು. 20 ಕೊಟ್ಟರೆ ಅವಸರ ಅನ್ನಿಸುತ್ತಿತ್ತು.